ಮಾತು ಮತ್ತು ಮಟ್ಟು: ಇಂದಿನ ಕ್ರೈಸ್ತ ಭಕ್ತಿಗೀತೆಗಳು

(ಆಕಾಶವಾಣಿ ಭಾಷಣ)



ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ನಾಲ್ಕೈದು ಮಂದಿ ತರುಣ ತರುಣಿಯರು ಉಡುಪಿಯ ನಮ್ಮ ಮನೆಗೆ ಬಂದರು. ಕಾರ್ಕಳದ ಕಡೆಯವರು. ಅವರಲ್ಲಿ ಇಬ್ಬರು ಮಣಿಪಾಲದಲ್ಲಿ ಓದುತ್ತಿದ್ದರು. ಕಾಪುವಿನಿಂದ ಬಂದಿದ್ದ ಒಬ್ಬಾಕೆ ದಾದಿ. ಇಂಗ್ಲಿಷಿನಲ್ಲಿ ಬಹಳ ಪ್ರಸಿದ್ಧವಾದ ಒಂದು ಆರಾಧನಾ ಗೀತೆಯನ್ನು ಅವರೇ ಕನ್ನಡಿಸಿದ್ದರು. "ಸರ್, ಕನ್ನಡ ಸ್ವಲ್ಪ ಸರಿ ಮಾಡಿ ಕೊಡಬೇಕಿತ್ತು" ಎಂದರು. ಮೂವತ್ತು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ಕೆಂಪು ಶಾಯಿಯನ್ನು ಧಾರಾಳವಾಗಿ ವ್ಯಯಿಸಿದವನು ನಾನು. ವಿಭಕ್ತಿಗಳನ್ನು ನೆಟ್ಟಗೆ ಮಾಡಿದೆ, ಅಕಾರ ಹಕಾರಗಳನ್ನು ಅವುಗಳ ಸ್ಥಾನಕ್ಕೆ ಸೇರಿಸಿದೆ, ಒಂದೆರಡು ಸಾಲುಗಳನ್ನು ಹೊಸದಾಗಿಯೇ ಬರೆದುಕೊಟ್ಟೆ. ಅವುಗಳಲ್ಲಿ ಒಂದು, "ಕರುಣೆ ತೋರಿಸು, ನಿನ್ನ ಬಲ ಕೊಡು" ಎಂದು. ಕಾವ್ಯವೇನೂ ಅಲ್ಲ, ಆದರೆ ತಪ್ಪಿಲ್ಲದ ಕನ್ನಡ.

ಎರಡು ವಾರಗಳ ಅನಂತರ ಅದನ್ನು ಸಭೆಯಲ್ಲಿ ಹಾಡಿದರು. ನಾನೂ ಹೋಗಿದ್ದೆ. ಗಿಟಾರು, ಕೀಬೋರ್ಡು, ಡ್ರಮ್ಮುಗಳ ನಡುವಿನಿಂದ ನನ್ನ ಸಾಲು ಎದ್ದು ಬಂದಾಗ ನನಗೆ ಕೇಳಿಸಿದ್ದು "ಕರೂಣೆ" ಎಂದು. ಅದರ ಬೆನ್ನಿಗೇ "ಬಾಲ ಕೋಡು" ಎಂದು. ಮುಂದಿನ ಬೆಂಚಿನಲ್ಲಿದ್ದ ಒಬ್ಬ ಪುಟ್ಟ ಬಾಲಕ ಎರಡು ಬೆರಳುಗಳನ್ನು ತಲೆಯ ಮೇಲೆ ಕೋಡಿನಂತೆ ಹಿಡಿದು ತನ್ನ ತಂಗಿಯನ್ನು ನಗಿಸುತ್ತಿದ್ದ. ಅವನಿಗಿಂತ ಸೂಕ್ಷ್ಮಗ್ರಾಹಿಯಾದ ವಿಮರ್ಶಕ ಆ ದಿನ ಅಲ್ಲಿರಲಿಲ್ಲ. ಕಾಗದದ ಮೇಲೆ ಸರಿಯಿದ್ದ ಮಾತು ಕಂಠದಲ್ಲಿ ಕೆಟ್ಟಿತ್ತು. ಇಂದಿನ ಕ್ರೈಸ್ತ ಜನಪ್ರಿಯ ಗೀತೆಗಳ ಸಂಗೀತಗುಣದ ಬಗೆಗೆ ನಾನು ಯೋಚಿಸತೊಡಗಿದ್ದು ಆ ಸಂದರ್ಭದಿಂದ.

ಈ ಗೀತೆಗಳನ್ನು ಕುರಿತು ಹಿರಿಯರ ಆಕ್ಷೇಪಣೆ ಸಾಮಾನ್ಯವಾಗಿ ವಾದ್ಯಗಳ ಮೇಲೆ ಹೋಗುತ್ತದೆ. ಗಿಟಾರು ಪರಕೀಯ, ಡ್ರಮ್ಮು ಗದ್ದಲ, ಇದು ದೇವಾಲಯವೋ ನಾಟಕಶಾಲೆಯೋ ಎಂದು. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಭಜನೆಯ ಹಾರ್ಮೋನಿಯಂ ಯೂರೋಪಿನಿಂದ ಬಂದದ್ದು. ಕರ್ನಾಟಕ ಸಂಗೀತದ ಪಿಟೀಲೂ ಅಲ್ಲಿಯದೇ. ಹಿರಿಯರು ಕಣ್ಣು ಮುಚ್ಚಿ ಮೆಚ್ಚಿಕೊಳ್ಳುವ ಹಳೆಯ ಕೀರ್ತನೆಗಳಲ್ಲಿ ಬಹುಪಾಲಿನ ಮಟ್ಟುಗಳು ಜರ್ಮನಿಯವು, ಇಂಗ್ಲೆಂಡಿನವು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದಾಗ ಆ ಮಟ್ಟುಗಳೂ ಅವರೊಡನೆ ಬಂದಿಳಿದವು. ನಾನು ಆ ಸಭೆಯಲ್ಲಿಯೇ ಹುಟ್ಟಿ ಬೆಳೆದವನು. ಅವುಗಳನ್ನು ಹಾಡುತ್ತಲೇ ದೊಡ್ಡವನಾದೆ. ಅಲ್ಲಿಯೂ ಎಷ್ಟೋ ಕಡೆ ಹ್ರಸ್ವ ದೀರ್ಘವಾಗುತ್ತಿತ್ತು, ದೀರ್ಘ ಕುಂಟುತ್ತಿತ್ತು. ನಿಧಾನವಾಗಿ ಎಳೆದು ಹಾಡುತ್ತಿದ್ದುದರಿಂದ ತಪ್ಪು ಎಳೆತದಲ್ಲಿ ಮುಚ್ಚಿಹೋಗುತ್ತಿತ್ತು, ಅಷ್ಟೆ. ಹೊಸ ಗೀತೆಗಳ ವೇಗದಲ್ಲಿ ಅದು ಬಯಲಾಗಿದೆ.

ತಪ್ಪಿನ ಮೂಲ ಎಲ್ಲಿದೆ? ಇಂಗ್ಲಿಷ್ ಕೀರ್ತನೆಯ ಅಳತೆ ಅಕ್ಷರಸಂಖ್ಯೆಯದು. ಎಂಟು, ಆರು, ಎಂಟು, ಆರು ಅಕ್ಷರಗಳ ಸಾಲುಗಳಿದ್ದರೆ ಆ ಅಳತೆಯ ಯಾವ ಮಟ್ಟಿನಲ್ಲಿಯೂ ಅದನ್ನು ಹಾಡಬಹುದು. 'ಅಮೇಜಿಂಗ್ ಗ್ರೇಸ್' ಎಂಬ ಗೀತೆಯ ಮಾತನ್ನು ಜಾನ್ ನ್ಯೂಟನ್ ಪ್ರಕಟಿಸಿದ್ದು 1779ರಲ್ಲಿ, ಇಂಗ್ಲೆಂಡಿನಲ್ಲಿ; ಇಂದು ಲೋಕವೆಲ್ಲ ಹಾಡುವ ಮಟ್ಟು ಅದಕ್ಕೆ ಕೂಡಿದ್ದು 1835ರಲ್ಲಿ, ಅಮೆರಿಕದಲ್ಲಿ. ಕವಿಗೆ ಆ ಮಟ್ಟಿನ ಪರಿಚಯವೇ ಇರಲಿಲ್ಲ. ಆದರೂ ಉಡುಪು ಮೈಗೆ ಒಪ್ಪಿತು. ಕನ್ನಡದಲ್ಲಿ ಹೀಗಾಗುವುದಿಲ್ಲ. ಕನ್ನಡದ ಎಂಟು ಅಕ್ಷರಗಳು ಎಂಟು ಮಾತ್ರೆಯೂ ಆಗಬಹುದು, ಹದಿನಾರು ಮಾತ್ರೆಯೂ ಆಗಬಹುದು. ನಮ್ಮಲ್ಲಿ ಲಘು ಗುರುಗಳ ವ್ಯತ್ಯಾಸ ಅರ್ಥದ ವ್ಯತ್ಯಾಸ. ಬಲ ಬಾಲವಾದರೆ, ಮನ ಮಾನವಾದರೆ ಉಳಿಯುವುದೇನು?

ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಪದಗಳ ಸಂಬಂಧವನ್ನು ತೋರಿಸುವ ಹಗುರವಾದ ಮಾತುಗಳು ಮುಂದೆ ಬರುತ್ತವೆ. ತೂಕದ ಮಾತು ಹಿಂದಿನಿಂದ ಬರುತ್ತದೆ. ಆದಕಾರಣ ಅವರ ಮಟ್ಟುಗಳಲ್ಲಿ ಅನೇಕವು ತಾಳದ ಪೆಟ್ಟಿಗೆ ಮೊದಲೇ ಒಂದು ಹಗುರ ಅಕ್ಷರದಿಂದ ಎತ್ತುಗಡೆಯಾಗುತ್ತವೆ. ಪೆಟ್ಟು ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ಕನ್ನಡದಲ್ಲಿ ಪ್ರತ್ಯಯಗಳು ಬಾಲದಲ್ಲಿವೆ, ಒತ್ತು ಮೊದಲ ಅಕ್ಷರದಲ್ಲಿದೆ. 'ಕರುಣೆ' ಎಂಬುದು ಮೂರೂ ಲಘುಗಳ ಮೃದುವಾದ ಮಾತು. ಅದನ್ನು ಅಂಥ ಮಟ್ಟಿಗೆ ಕೂಡಿಸಿದರೆ 'ಕ' ಪೆಟ್ಟಿನ ಹೊರಗೆ ನಿಲ್ಲುತ್ತದೆ, 'ರು' ಪೆಟ್ಟು ತಿಂದು ಉದ್ದವಾಗುತ್ತದೆ. ನಾನು ಅಂದು ಕೇಳಿದ "ಕರೂಣೆ"ಯ ಹುಟ್ಟು ಇದು. ಹಾಡಿದವರ ನಾಲಗೆಯಲ್ಲಿ ದೋಷವಿರಲಿಲ್ಲ.

ಇದು ನನ್ನ ಆವಿಷ್ಕಾರವೇನಲ್ಲ. 1525ರಷ್ಟು ಹಿಂದೆಯೇ ಮಾರ್ಟಿನ್ ಲೂಥರ್ ಈ ಮಾತನ್ನು ಖಂಡತುಂಡವಾಗಿ ಹೇಳಿದ್ದ. ಲ್ಯಾಟಿನ್ ಪಾಠವನ್ನು ಜರ್ಮನಿಗೆ ತಿರುಗಿಸಿ ಲ್ಯಾಟಿನ್ ಸ್ವರವನ್ನೇ ಉಳಿಸಿಕೊಳ್ಳುವುದು ಕಪಿಗಳ ಅನುಕರಣೆ. ಮಾತು, ಸ್ವರ, ಒತ್ತು, ಹಾಡುವ ರೀತಿ ಇವೆಲ್ಲವೂ ತಾಯ್ನುಡಿಯಿಂದಲೇ ಹುಟ್ಟಿಬರಬೇಕು ಎಂಬುದು ಅವನ ಅಭಿಪ್ರಾಯ. ಅವನ ಪರಂಪರೆಯಲ್ಲಿ ಬೆಳೆದವರೇ ಮೂರು ಶತಮಾನಗಳ ಮೇಲೆ ನಮ್ಮ ಕರಾವಳಿಯಲ್ಲಿ ಜರ್ಮನ್ ಮಟ್ಟಿಗೆ ಕನ್ನಡವನ್ನು ಬಗ್ಗಿಸಿದರೆಂಬುದು ವಿಧಿಯ ವಿನೋದ. ಆದರೆ ಅವರ ಕಿವಿ ಕಿವುಡಾಗಿತ್ತೆಂದು ಹೇಳುವಂತಿಲ್ಲ. ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಉಡುಪಿಯ ಕೃಷ್ಣನ ಮುಂದೆ ಹಾಡುವ ಪದಗಳನ್ನು ಮೊತ್ತಮೊದಲು ಮುದ್ರಿಸಿದವರಲ್ಲಿ ಒಬ್ಬ ಪಾದ್ರಿಯೂ ಸೇರಿದ್ದಾನೆಂಬುದನ್ನು ನಾವು ಮರೆಯಬಾರದು. ಫರ್ಡಿನೆಂಡ್ ಕಿಟ್ಟೆಲ್ ಇನ್ನೂ ಮುಂದೆ ಹೋದ. 1862ರ ಅವನ 'ಕಥಾಮಾಲೆ' ಯೇಸುವಿನ ಚರಿತ್ರೆಯನ್ನು ದೇಶೀಯ ಧಾಟಿಯಲ್ಲಿ ಹಾಡಲು ಯತ್ನಿಸಿದ ಕೃತಿ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದವನೂ ಅವನೇ. ಕನ್ನಡ ಲೋಕ ಅವನ ನಿಘಂಟಿಗೆ ಕೈಮುಗಿಯಿತು, ಅದು ಯುಕ್ತವೇ; ಆದರೆ ನಮ್ಮ ಸಭೆಗಳ ಹಾಡುಗಾರಿಕೆ ಅವನ ಛಂದಸ್ಸಿನ ದಾರಿಯಲ್ಲಿ ಹೆಚ್ಚು ದೂರ ನಡೆಯಲಿಲ್ಲ.

ನಡೆದವರು ಬಿ. ಎಂ. ಶ್ರೀಕಂಠಯ್ಯನವರು. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಮೆಡಿಟರೇನಿಯನ್ ಸಮುದ್ರದಲ್ಲಿ ಗಾಳಿ ಬಿದ್ದು ನಿಂತ ಹಡಗಿನಲ್ಲಿ ಬರೆದ ಪ್ರಾರ್ಥನೆಯನ್ನು 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಅವರು ಕನ್ನಡಿಸಿದಾಗ ಮೂಲದ ಅಕ್ಷರಲೆಕ್ಕವನ್ನು ಬದಿಗಿಟ್ಟರು; ಐದೈದು ಮಾತ್ರೆಗಳ ನಡೆಯನ್ನು ಹಿಡಿದರು. ಮೂಲಗೀತೆಗೆ ಇಂಗ್ಲೆಂಡಿನಲ್ಲಿ ಪ್ರಸಿದ್ಧ ಮಟ್ಟುಗಳಿದ್ದವು. ಅನುವಾದಕ್ಕೆ ಅವುಗಳ ಹಂಗು ಬೇಕಾಗಲಿಲ್ಲ. ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಮಕ್ಕಳು ಅದನ್ನು ನಮ್ಮ ರಾಗಗಳಲ್ಲಿ ಹಾಡಿದ್ದಾರೆ. ಹಾಡಿದವರಲ್ಲಿ ಅನೇಕರಿಗೆ ಅದು ಕ್ರೈಸ್ತ ಪಾದ್ರಿಯೊಬ್ಬನ ಹಾಡೆಂದು ತಿಳಿಯದು. ಕನ್ನಡದ ಅತ್ಯುತ್ತಮ ಕ್ರೈಸ್ತ ಭಕ್ತಿಗೀತೆ ಯಾವುದೆಂದು ಕೇಳಿದರೆ ನಾನು ತೋರಿಸುವುದು ಅದನ್ನೇ. ಇಗರ್ಜಿಯ ಹೊರಗೆ ಹುಟ್ಟಿದ್ದರಿಂದ ಅದು ನಮ್ಮ ಗೀತಗಾಯನದ ಮೇಲೆ ಪ್ರಭಾವ ಬೀರಲಿಲ್ಲವೋ ಏನೋ.

ಈಗ ಹೊಸ ಗೀತೆಗಳಿಗೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1960ರ ದಶಕದ ಕೊನೆಗೆ ತರುಣರ ಒಂದು ಧಾರ್ಮಿಕ ಅಲೆ ಎದ್ದಿತು. ರಾಕ್ ಸಂಗೀತವನ್ನು ಅದು ಆರಾಧನೆಯೊಳಕ್ಕೆ ತಂದಿತು. 1983ರಲ್ಲಿ ಸಿಡ್ನಿಯಲ್ಲಿ ಆರಂಭವಾದ ಹಿಲ್‌ಸಾಂಗ್ ಸಭೆಯಂಥವುಗಳಿಂದ ಅದು ಜಗತ್ತಿಗೆ ಹಬ್ಬಿತು. ಇಂದು ಸಿಡ್ನಿಯಲ್ಲಿ ಹಾಡಿದ್ದು ಮರುದಿನವೇ ಮಣಿಪಾಲದ ವಿದ್ಯಾರ್ಥಿಯ ಫೋನಿನಲ್ಲಿರುತ್ತದೆ. ಇಂಗ್ಲಿಷ್ ಬಲ್ಲ ನಾಡುಗಳಲ್ಲಿ ಈ ಹಾಡುಗಳ ಮೇಲೊಂದು ಚಟಾಕಿ ಉಂಟು: ಏಳೇ ಮಾತು, ಹನ್ನೊಂದು ಸಲ ಎಂದು. ನಾಮಸಂಕೀರ್ತನೆಯ ಊರಿನಲ್ಲಿ ಕುಳಿತು ಪುನರಾವೃತ್ತಿಯನ್ನು ಹಳಿಯುವ ಧೈರ್ಯ ನನಗಿಲ್ಲ. ನಮ್ಮ ಪಲ್ಲವಿಯೂ ಮರಳಿ ಮರಳಿ ಬರುತ್ತದೆ. ಆದರೆ ಅದು ಚರಣದಲ್ಲಿ ಸುತ್ತಾಡಿ ಏನನ್ನೋ ಹೊತ್ತುಕೊಂಡು ಮನೆಗೆ ಬರುತ್ತದೆ. ಈ ಗೀತೆಗಳಲ್ಲಿ ಹಲವು ನಾಲ್ಕು ಕಾರ್ಡುಗಳ ಒಂದೇ ಚಕ್ರದ ಮೇಲೆ ಮೊದಲಿನಿಂದ ಕೊನೆಯವರೆಗೆ ತಿರುಗುತ್ತವೆ. ಮೇಲಿನ ಸ್ವರ ಎರಡು ಮೂರು ಮೆಟ್ಟಿಲುಗಳಲ್ಲೇ ಕುಳಿತಿರುತ್ತದೆ. ಭಾವ ಏರಬೇಕಾದಲ್ಲಿ ರಾಗ ಏರುವ ಬದಲು ಸದ್ದು ಏರುತ್ತದೆ.

ಅದಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು. ಹಳೆಯ ಮಟ್ಟುಗಳು ಪರಕೀಯವಾಗಿದ್ದರೂ ಸಭೆಗಾಗಿ ರಚಿತವಾದವು. ಸುಮಾರು ಒಂದು ಸ್ಥಾಯಿಯೊಳಗೆ ಮುಗಿಯುತ್ತಿದ್ದುದರಿಂದ ಮುದುಕನೂ ಮಗುವೂ ಹಾಡಬಹುದಾಗಿತ್ತು. ಬಲ್ಲವರು ನಾಲ್ಕು ಧ್ವನಿಗಳಾಗಿ ಒಡೆದು ಹಾಡುತ್ತಿದ್ದರು. ನನ್ನ ತಂದೆ ಕೆಳಧ್ವನಿಯನ್ನು ಹಾಡುತ್ತಿದ್ದರು. ಅವರ ಪಕ್ಕದಲ್ಲಿ ನಿಂತಾಗ ಬೆಂಚಿನ ಮರ ನಡುಗುತ್ತಿದ್ದುದು ಈಗಲೂ ನನ್ನ ಅಂಗೈಗೆ ನೆನಪಿದೆ. ಇಂದಿನ ಗೀತೆ ಒಬ್ಬ ಗಾಯಕನ ಕಂಠಕ್ಕಾಗಿ, ಧ್ವನಿವರ್ಧಕಕ್ಕಾಗಿ ರಚಿತವಾದದ್ದು. ಮೊದಲ ಚರಣ ಮಂದ್ರದಲ್ಲಿ ಪಿಸುಗುಟ್ಟುತ್ತದೆ, ಅನಂತರ ಒಮ್ಮೆಲೆ ಒಂದು ಸ್ಥಾಯಿ ಮೇಲಕ್ಕೆ ನೆಗೆಯುತ್ತದೆ. ಬೆಂಚಿನಲ್ಲಿದ್ದವರು ಎರಡು ಸಾಲು ಹಾಡಿ ಸುಮ್ಮನಾಗುತ್ತಾರೆ, ಕೇಳುಗರಾಗುತ್ತಾರೆ.

ಈ ಮಾತನ್ನು ಆ ತರುಣರಿಗೆ ಹೇಳಿದೆ. ದಾದಿಯಾಗಿದ್ದ ಹುಡುಗಿ ನಯವಾಗಿಯೇ, "ಆದರೆ ಸರ್, ಹಳೆ ಹಾಡು ಹಾಡುವಾಗ ನಮ್ಮ ಪ್ರಾಯದವರು ಯಾರೂ ಬರುವುದಿಲ್ಲ. ಇದಕ್ಕಾದರೆ ಬರ್ತಾರೆ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾವು ಎಳೆದೆಳೆದು ಹಾಡಿದ್ದರ ಫಲವನ್ನು ಅವಳು ಹೇಳುತ್ತಿದ್ದಳು.

ಇಲ್ಲಿ ನಮ್ಮ ನೆರೆಯ ಕೊಂಕಣಿ ಕ್ರೈಸ್ತರನ್ನು ನೋಡಿದರೆ ನನಗೆ ಸ್ವಲ್ಪ ಅಸೂಯೆಯಾಗುತ್ತದೆ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಹೋದವರು ಕೇಳಿರಬಹುದು: ಅಲ್ಲಿಯೂ ಗಿಟಾರು, ಕೀಬೋರ್ಡುಗಳಿವೆ, ಪಾಶ್ಚಾತ್ಯ ಸ್ವರಮೇಳವಿದೆ, ಆದರೂ ಮಾತು ಕುಂಟುವುದಿಲ್ಲ. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ಹೆಂಗಸರು ಹಾಡುವ ವೊವಿಗಳಿಂದ ಹಿಡಿದು 2010ರಲ್ಲಿ ತೀರಿಕೊಂಡ ವಿಲ್ಫಿ ರೆಬಿಂಬಸರ ಹಾಡುಗಳವರೆಗೆ ಕೊಂಕಣಿಯಲ್ಲಿ ಹಾಡು ಕಟ್ಟುವವರು ಆ ನುಡಿಯಲ್ಲಿಯೇ ಕನಸು ಕಾಣುವವರು. ರೆಬಿಂಬಸರು ಮಾತನ್ನೂ ಮಟ್ಟನ್ನೂ ತಾವೇ ಹೊಸೆದರು. ಅವರು ಅನುವಾದಿಸಲಿಲ್ಲ, ಕಟ್ಟಿದರು.

ನಮ್ಮಲ್ಲಿ ಕಟ್ಟುವ ಕಲೆ ಇಲ್ಲವೆ? ಯಕ್ಷಗಾನದ ಪ್ರಸಂಗಕವಿ ಮಟ್ಟನ್ನೂ ತಾಳವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಪದ್ಯ ಬರೆಯುತ್ತಾನೆ. ಛಂದಸ್ಸಿನ ಜೀವ ಗತಿಯಲ್ಲಿದೆಯೆಂದು ತೋರಿಸಿ 'ಛಂದೋಗತಿ'ಯನ್ನು ಬರೆದ ಸೇಡಿಯಾಪು ಕೃಷ್ಣಭಟ್ಟರು ಕ್ರೈಸ್ತ ಸಂಸ್ಥೆಯಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿಯೇ ಕನ್ನಡ ಕಲಿಸಿದವರು. ಮದ್ದು ಹಿತ್ತಿಲಲ್ಲೇ ಇತ್ತು.

ಆ ಹಾಡಿನ ಕಥೆಯನ್ನು ಮುಗಿಸುತ್ತೇನೆ. ಬಾಲಕನ ಕೋಡಿನ ಸುದ್ದಿಯನ್ನು ನಾನು ಹೇಳಿದಾಗ ಅವರು ಮೊದಲು ಪೆಚ್ಚಾದರು, ಆಮೇಲೆ ನಕ್ಕರು. ಮಟ್ಟನ್ನು ಬಿಟ್ಟು ಬರಿಯ ಸಾಲನ್ನು ಓದಿ ನೋಡಿ ಎಂದೆ. ಕರುಣೆ, ತೋರಿಸು, ನಿನ್ನ, ಬಲ ಕೊಡು. ಎರಡನೆಯ ಸಲ ಓದುವಾಗ ನನಗೇ ಹೊಳೆಯಿತು: ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿಯ ನಡೆ! ಕುಮಾರವ್ಯಾಸನನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಗೊತ್ತಿಲ್ಲದೆಯೇ ಅವನ ನಡೆಯಲ್ಲಿ ಬರೆದು, ನಾಲ್ಕರ ತಾಳದ ಪೆಟ್ಟಿಗೆಯೊಳಕ್ಕೆ ತುರುಕಲು ಕೊಟ್ಟಿದ್ದೆ. ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ಅವರ ಕೀಬೋರ್ಡಿನೊಳಗೆ ಸಿದ್ಧವಾಗಿದ್ದ ತಾಳಗಳಲ್ಲಿ ಏಳರದು ಸಿಗಲಿಲ್ಲ. ಅದನ್ನು ಆರಿಸಿದರು. ಡ್ರಮ್ಮು ಬಾರಿಸುವ ಹುಡುಗ ಹೈಸ್ಕೂಲಿನಲ್ಲಿ ಚೆಂಡೆ ಕಲಿತವನಂತೆ, "ಇದು ನಮ್ಮ ತ್ರಿವುಡೆ ಅಲ್ವಾ ಸರ್?" ಎಂದು ಬೆಂಚಿನ ಮೇಲೆ ಬೆರಳಾಡಿಸತೊಡಗಿದ. ಗಿಟಾರಿನ ಹುಡುಗ ಮೂರು ಸಲ ತಪ್ಪಿ ನಾಲ್ಕನೆಯ ಸಲ ಹಿಡಿದ. ಹೊಸ ಮಟ್ಟಿಗೆ ಮೋಹನದಂಥದೇನೋ ಒಂದು ಛಾಯೆ ಬಂತು. ಅದನ್ನು ತಂದವಳು ದಾದಿ, ಎಲ್ಲಿಂದ ತಂದಳೆಂದು ಅವಳಿಗೂ ತಿಳಿಯದು. 'ಕರುಣೆ' ಮೂರು ಲಘುಗಳಾಗಿ ಮೆಲ್ಲನೆ ಇಳಿಯಿತು. 'ಬಲ' ಬಲವಾಗಿಯೇ ಉಳಿಯಿತು. ಒಳಗೆ ಅಡುಗೆಮನೆಯಲ್ಲಿದ್ದ ನನ್ನ ಮಡದಿ ಎರಡನೆಯ ಸಲಕ್ಕೆ ದನಿಗೂಡಿಸಿದಳು.

ಪಲ್ಲವಿಯೂ ಎರಡು ಚರಣಗಳೂ ಆಗಿವೆ. ಮೂರನೆಯ ಚರಣದಲ್ಲಿ 'ಪುನರುತ್ಥಾನ' ಎಂಬ ಮಾತು ಏಳರೊಳಗೆ ಹೇಗೆ ಇಟ್ಟರೂ ಕೂಡುತ್ತಿಲ್ಲ. ಅದಕ್ಕೆ ಬದಲಾಗಿ ಕನ್ನಡದ್ದೇ ಒಂದು ಮಾತನ್ನು ಹುಡುಕಿಡಬೇಕೆಂದು ನನಗೆ ಹೇಳಿಹೋಗಿದ್ದಾರೆ. ಬರುವ ಶನಿವಾರ ಮತ್ತೆ ಬರುತ್ತಾರೆ.