ಬಂದ ಪತ್ರ ಎಲ್ಲಿ ಹೋಯಿತು? ಇ-ಮೇಲ್‌ನಲ್ಲಿ ಹುಡುಕುವ ಬಗೆ

(ಸುವರ್ಣ ಮಹೋತ್ಸವದ ಅಂಗವಾಗಿ ಹತ್ತನೇ ತರಗತಿಯ ಮಕ್ಕಳು ಮತ್ತು ಹಳೆಯ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



“ಕೃತಕ ಬುದ್ಧಿಮತ್ತೆ ಬಗ್ಗೆ ಮಾತಾಡಪ್ಪ, ಹುಡುಗರಿಗೆ ಹುಮ್ಮಸ್ಸು ಬರುತ್ತೆ” ಎಂದು ಗಣಿತದ ಮೇಷ್ಟ್ರು ಫೋನಿನಲ್ಲಿ ಹೇಳಿದ್ದರು. ಅವರ ಮಾತು ಮೀರಿ ಒಂದು ಸಣ್ಣ ವಿಷಯ ಆರಿಸಿಕೊಂಡು ಬಂದಿದ್ದೇನೆ, ಕ್ಷಮಿಸಬೇಕು. ಹತ್ತನೇ ತರಗತಿ ಮುಗಿಸಿದ ಕೂಡಲೇ ನಿಮಗೆ ಬೇಕಾಗುವುದು ಇ-ಮೇಲ್. ವಿದ್ಯಾರ್ಥಿವೇತನ, ಡಿಪ್ಲೊಮಾ ಪ್ರವೇಶ, ಹಾಸ್ಟೆಲ್ ಅರ್ಜಿ, ಮುಂದೆ ಕೆಲಸದ ಸಂದರ್ಶನ, ಎಲ್ಲಕ್ಕೂ ಅದನ್ನು ಕೇಳುತ್ತಾರೆ. ಪತ್ರ ಬಂದಿರುತ್ತದೆ, ಆದರೆ ಬೇಕಾದಾಗ ಸಿಗುವುದಿಲ್ಲ. ಬೆರಳಿನಿಂದ ತೆರೆಯನ್ನು ಮೇಲಕ್ಕೆ ತಳ್ಳುತ್ತಾ ತಳ್ಳುತ್ತಾ ಕೊನೆಗೆ ‘ಬಂದೇ ಇಲ್ಲ’ ಎಂದು ಬಿಟ್ಟುಬಿಡುತ್ತೇವೆ.

ನಮ್ಮ ಶಾಲೆಯ ಕಚೇರಿಯಲ್ಲಿ ಆವಕ-ಜಾವಕ ವಹಿ ಇದೆಯಲ್ಲ, ಅದನ್ನು ನೆನೆಸಿಕೊಳ್ಳಿ. ಬಂದ ಪ್ರತಿ ಕಾಗದಕ್ಕೂ ಅಲ್ಲಿ ಒಂದು ಸಾಲು: ಯಾರಿಂದ, ಯಾವ ದಿನ, ಏನು ವಿಷಯ, ಲಗತ್ತು ಏನಿದೆ. ಗುಮಾಸ್ತರು ಕಾಗದದ ಕಟ್ಟನ್ನೆಲ್ಲ ಬಿಚ್ಚಿ ಹುಡುಕುವುದಿಲ್ಲ, ವಹಿ ತೆರೆಯುತ್ತಾರೆ. ಇ-ಮೇಲ್ ಕೂಡ ಇಂಥದೊಂದು ವಹಿಯನ್ನು ತನ್ನಷ್ಟಕ್ಕೆ ಬರೆದಿಟ್ಟುಕೊಂಡಿರುತ್ತದೆ. ಜೊತೆಗೆ ಪತ್ರದೊಳಗಿನ ಪದಗಳಿಗೂ ಒಂದು ಸೂಚಿ ಇರುತ್ತದೆ, ದಪ್ಪ ಪುಸ್ತಕಗಳ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ಕೊಟ್ಟಿರುವ ಹಾಗೆ. ಅದಕ್ಕೇ ಸಾವಿರಾರು ಪತ್ರಗಳ ನಡುವೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುವುದು.

ಜಿಮೇಲ್ 2004ರ ಏಪ್ರಿಲ್ 1ರಂದು ಬಂದಾಗ ಒಂದು ಜಿಬಿ ಜಾಗ ಕೊಡುತ್ತೇವೆ ಎಂದಿತು. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ. ದಿನ ನೋಡಿ, ಏಪ್ರಿಲ್ ಫೂಲ್ ಮಾಡುತ್ತಿದ್ದಾರೆ ಎಂದೇ ಹಲವರು ನಕ್ಕರು. (ಆ ಹಾಟ್‌ಮೇಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನ ಶಾಲೆಯಲ್ಲಿ ಓದಿದವರು.) ಅಷ್ಟು ಜಾಗ ಕೊಟ್ಟ ಮೇಲೆ ಪತ್ರಗಳನ್ನು ಅಳಿಸುವ, ಜೋಡಿಸಿಡುವ ಗೋಜು ಬೇಡ, ಬೇಕಾದಾಗ ಹುಡುಕಿ ತೆಗೆದರಾಯಿತು ಎಂಬುದು ಅವರ ಯೋಚನೆ. ನಾವು ಜಾಗವನ್ನು ತುಂಬಿಸಿದೆವು, ಹುಡುಕುವುದನ್ನು ಮಾತ್ರ ಕಲಿಯಲಿಲ್ಲ.

ಈಗ ಕೆಲಸಕ್ಕೆ ಬರೋಣ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಬರೀ ಪದ ಬರೆಯುವ ಬದಲು ವಹಿಯ ಯಾವ ಕಲಂ ನೋಡಬೇಕೆಂದು ಹೇಳಬಹುದು. ‘ಫ್ರಮ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಕಳಿಸಿದವರ ಹೆಸರನ್ನೋ ವಿಳಾಸವನ್ನೋ ಬರೆಯಿರಿ. ಅವರಿಂದ ಬಂದವು ಮಾತ್ರ ನಿಲ್ಲುತ್ತವೆ. ಹಾಗೆಯೇ ‘ಸಬ್ಜೆಕ್ಟ್’ ವಿಷಯದ ಸಾಲಿಗೆ. ‘ಹ್ಯಾಸ್:ಅಟ್ಯಾಚ್‌ಮೆಂಟ್’ ಎಂದರೆ ಲಗತ್ತು ಇರುವವು, ‘ಫೈಲ್‌ನೇಮ್:ಪಿಡಿಎಫ್’ ಎಂದರೆ ಪಿಡಿಎಫ್ ಲಗತ್ತಿರುವವು. ‘ಆಫ್ಟರ್:2024/04/01 ಬಿಫೋರ್:2024/06/30’ ಎಂದರೆ ಆ ಅವಧಿಯವು. ವರ್ಷ ಮೊದಲು, ದಿನ ಕೊನೆಗೆ. ಉದ್ಧರಣ ಚಿಹ್ನೆಯೊಳಗೆ ಇಟ್ಟ ಪದಗಳನ್ನು ಅದೇ ಕ್ರಮದಲ್ಲಿ ಹುಡುಕುತ್ತದೆ. ಬೇಡದ ಪದದ ಹಿಂದೆ ಒಂದು ಅಡ್ಡಗೆರೆ ಎಳೆದರೆ ಆ ಪದವಿರುವವು ಹೊರಗೆ. ಇವೆಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ನೆನಪಿಡಲು ಕಷ್ಟ ಎನ್ನುವವರಿಗೆ, ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿದರೆ ಇದೇ ಕಲಂಗಳು ಅರ್ಜಿ ನಮೂನೆಯಂತೆ ತೆರೆದುಕೊಳ್ಳುತ್ತವೆ.

ಒಂದಕ್ಕಿಂತ ಹೆಚ್ಚು ಕಲಂಗಳನ್ನು ಒಟ್ಟಿಗೆ ಬರೆಯುವುದರಲ್ಲೇ ಇದರ ಬಲ ಇದೆ. ನನ್ನ ಚಿಕ್ಕಪ್ಪನ ಮಗಳು ಒಂದು ಕೆಲಸಕ್ಕೆ ಆಯ್ಕೆಯ ಅಂಚಿನಲ್ಲಿದ್ದಳು. ದಾಖಲೆಗಳನ್ನು ಕೊನೆಯ ದಿನಾಂಕದೊಳಗೆ ಇ-ಮೇಲ್‌ನಲ್ಲೇ ಕಳಿಸಿದ್ದಳು. ಮೂರು ವಾರದ ನಂತರ ಆ ಕಚೇರಿಯವರು, “ನಿಮ್ಮ ದಾಖಲೆ ನಮಗೆ ತಲುಪಿಲ್ಲ, ತಲುಪಿದ ಸ್ವೀಕೃತಿ ಇದ್ದರೆ ನಾಳೆಯೊಳಗೆ ತೋರಿಸಿ” ಎಂದರು. “ಅಣ್ಣಾ, ಎಷ್ಟು ಹುಡುಕಿದರೂ ಸ್ವೀಕೃತಿ ಸಿಗ್ತಿಲ್ಲ, ಬಂದೇ ಇಲ್ಲ ಅನ್ಸುತ್ತೆ” ಎಂದು ರಾತ್ರಿ ಹತ್ತಕ್ಕೆ ಫೋನು. ಮನೆಯಲ್ಲಿ ಚಿಕ್ಕಮ್ಮ ಆಗಲೇ ದೇವರಿಗೆ ಹರಕೆ ಹೊತ್ತಾಗಿತ್ತು. ‘ಇನ್:ಎನಿವೇರ್’ ಎಂದು ಬರೆಯಲು ಹೇಳಿದೆ. ಮುಂದೆ ‘ಫ್ರಮ್’ ಹಾಕಿ, ಕಚೇರಿಯ ವಿಳಾಸದಲ್ಲಿ ಅಟ್ ಗುರುತಿನ ನಂತರ ಬರುವ ಭಾಗ. ಆಮೇಲೆ ‘ಆಫ್ಟರ್’ ಹಾಕಿ ಅವಳು ಕಳಿಸಿದ ದಿನಾಂಕ. ಒಂದೇ ಒಂದು ಪತ್ರ ಬಂತು. ಯಂತ್ರವೇ ಕಳಿಸಿದ ಸ್ವೀಕೃತಿ, ಸಂಖ್ಯೆ ಸಮೇತ, ಸ್ಪ್ಯಾಮ್‌ನಲ್ಲಿ ಕೂತಿತ್ತು.

ಇಲ್ಲಿ ಎರಡು ವಿಷಯ ಗಮನಿಸಿ. ಸಾಮಾನ್ಯವಾಗಿ ಹುಡುಕುವಾಗ ಜಿಮೇಲ್ ಸ್ಪ್ಯಾಮ್ ಮತ್ತು ಕಸದ ಬುಟ್ಟಿಗೆ ಇಣುಕುವುದಿಲ್ಲ; ‘ಇನ್:ಎನಿವೇರ್’ ಎಂದು ಹೇಳಿದರೆ ಮಾತ್ರ ನೋಡುತ್ತದೆ. ಇನ್ನೊಂದು, ಆ ಎರಡೂ ಕಡೆ ಪತ್ರಗಳು 30 ದಿನ ಮಾತ್ರ ಇದ್ದು ತಾವಾಗಿಯೇ ಅಳಿಯುತ್ತವೆ. ಕಚೇರಿಯವರು ಇನ್ನೊಂದು ಹತ್ತು ದಿನ ತಡವಾಗಿ ಕೇಳಿದ್ದರೆ ಯಾವ ಎಂಜಿನಿಯರೂ ಏನೂ ಮಾಡುವ ಹಾಗಿರಲಿಲ್ಲ. ಅವಳು ಈಗ ಆ ಕೆಲಸದಲ್ಲೇ ಇದ್ದಾಳೆ. ಹರಕೆಯನ್ನೂ ತೀರಿಸಿದರು, ಅದು ಬೇರೆ ವಿಷಯ.

ನಮ್ಮ ಕನ್ನಡಕ್ಕೆ ಬಂದರೆ ಒಂದೆರಡು ತೊಡಕುಗಳಿವೆ. ನಾವು ವಿಭಕ್ತಿಯನ್ನು ಪದಕ್ಕೇ ಅಂಟಿಸುತ್ತೇವೆ. ‘ಶಾಲೆ’ ಎಂದು ಹುಡುಕಿದರೆ ‘ಶಾಲೆಯಿಂದ’, ‘ಶಾಲೆಗೆ’ ಇರುವ ಪತ್ರ ಸಿಗುತ್ತದೆಂಬ ಭರವಸೆ ಇಲ್ಲ, ಏಕೆಂದರೆ ಸೂಚಿಯಲ್ಲಿ ಅವು ಬೇರೆ ಬೇರೆ ಪದಗಳು. ಎರಡು ಮೂರು ರೂಪಗಳನ್ನು ಬರೆದು ನಡುವೆ ‘ಆರ್’ ಎಂದು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ನಮ್ಮ ಹೆಸರುಗಳದ್ದೂ ಇದೇ ಪಾಡು: ಮಂಜುನಾಥ ಎಂಬುದನ್ನು ಇಂಗ್ಲಿಷಿನಲ್ಲಿ ಕೊನೆಗೆ ‘ಎ’ ಇಟ್ಟು ಬರೆಯುವವರಿದ್ದಾರೆ, ಬಿಟ್ಟು ಬರೆಯುವವರಿದ್ದಾರೆ. ಹೆಸರಿಗಿಂತ ಅರ್ಜಿ ಸಂಖ್ಯೆಯಿಂದ ಹುಡುಕುವುದೇ ವಾಸಿ. ಮತ್ತೆ, ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳು. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಮಾತ್ರ ಕನ್ನಡ ಪದ ಹುಡುಕಿದಾಗ ಸಿಗುತ್ತದೆ. ಕಚೇರಿಗಳಲ್ಲಿ, ಶಾಲೆಗಳಲ್ಲಿ ಇರುವ ನನ್ನ ಓರಗೆಯವರು ದಯವಿಟ್ಟು ಇದನ್ನು ಗಮನಿಸಬೇಕು.

ಕಳಿಸುವವರ ಕೈಯಲ್ಲೂ ಅರ್ಧ ಕೆಲಸ ಇದೆ. ವಿಷಯದ ಸಾಲು ಖಾಲಿ, ಲಗತ್ತಿನ ಹೆಸರು ‘ಸ್ಕ್ಯಾನ್ 001’. ಇಂಥ ಪತ್ರವನ್ನು ಯಾವ ಪದದಿಂದ ಹುಡುಕುವುದು? ಅಂಕಪಟ್ಟಿ ಕಳಿಸುವಾಗ ನಿಮ್ಮ ಹೆಸರು, ‘ಹತ್ತನೇ ತರಗತಿ ಅಂಕಪಟ್ಟಿ’, ವರ್ಷ ಇಷ್ಟನ್ನು ವಿಷಯದಲ್ಲಿ ಬರೆಯಿರಿ. ನಿಮ್ಮ ದಾಖಲೆಗಳನ್ನು ಹೀಗೆ ಹೆಸರಿಟ್ಟು ನಿಮ್ಮ ವಿಳಾಸಕ್ಕೇ ಒಮ್ಮೆ ಕಳಿಸಿಕೊಂಡರೆ ಇನ್ನೂ ಒಳ್ಳೆಯದು.

ಜಾಗದ ಮಾತೂ ಹೇಳಿಬಿಡುತ್ತೇನೆ. ಈಗ ಉಚಿತವಾಗಿ ಸಿಗುವುದು 15 ಜಿಬಿ. ಅದರಲ್ಲೇ ಪತ್ರ, ಡ್ರೈವ್‌ನ ಕಡತ, ಫೋಟೋ ಮೂರೂ ಸೇರಬೇಕು. ಮದುವೆ ವಿಡಿಯೋ ತುಂಬಿ ಜಾಗ ಮುಗಿದರೆ ಹೊಸ ಪತ್ರ ಬರುವುದೇ ನಿಲ್ಲುತ್ತದೆ, ಸಂದರ್ಶನದ ಕರೆಯೂ ಅದರಲ್ಲಿ ಸೇರಿತು. ‘ಲಾರ್ಜರ್:10ಎಂ’ ಎಂದು ಹುಡುಕಿ, 10 ಎಂಬಿಗಿಂತ ದೊಡ್ಡವು ಸಾಲಾಗಿ ಬರುತ್ತವೆ, ಬೇಡದ್ದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ.

ಊಟದ ನಂತರ ಕಂಪ್ಯೂಟರ್ ಕೊಠಡಿಯಲ್ಲಿ ಇರುತ್ತೇನೆ. ಹುಡುಕಿಯೂ ಸಿಗದ ಪತ್ರ ಯಾರದಾದರೂ ಇದ್ದರೆ ಬನ್ನಿ, ಮೇಷ್ಟ್ರುಗಳೂ ಬರಬಹುದು. ಪಾಸ್‌ವರ್ಡ್ ಮಾತ್ರ ನೀವೇ ಒತ್ತಿ, ನನಗೆ ಹೇಳಬೇಡಿ.