ಗಟ್ಟಿ ತೋಳು, ಸೋತ ಉಸಿರು

ಚೆನ್ನೈ ವಿಮಾನ ನಿಲ್ದಾಣದೆದುರಿನ ತಿರುಶೂಲಂ, ಪಕ್ಕದ ಪಲ್ಲಾವರಂ ಗುಡ್ಡಗಳಲ್ಲಿ ಚಾರ್ನೊಕೈಟ್ ಎಂಬ ಗಟ್ಟಿಕಲ್ಲು ಸಿಗುತ್ತದೆ. ಇಂಥ ಕಲ್ಲಿನ ಕ್ವಾರಿಯಲ್ಲಿ ದುಡಿಯುವವನ ತೋಳು ಕಂಡರೆ ಗರಡಿಯಾಳಿಗೂ ಹೊಟ್ಟೆಕಿಚ್ಚಾದೀತು. ಎದೆಯೊಳಗಿನ ಕತೆ ಬೇರೆ. ಆ ಕಲ್ಲಿನಲ್ಲಿ ಬೆಣಚು, ಅಂದರೆ ಸಿಲಿಕಾ ಇದೆ. ಕಣ್ಣಿಗೆ ಕಾಣದ ಅದರ ಧೂಳು ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೆ ಇಳಿದು, ಅಲ್ಲಿನ ಮೆತ್ತನೆಯ ಅಂಗಾಂಶ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ವಾಸಿಮಾಡುವ ಔಷಧಿಯಿಲ್ಲ, ಕ್ಷಯ ತಗಲುವ ಭಯವೂ ಹೆಚ್ಚು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರಿಗೆ ಇದು ಹಳೆಯ ಶತ್ರು.

ಹಾಗಾದರೆ ಮೈಮುರಿದು ದುಡಿಯುವುದು ಒಳ್ಳೆಯದಲ್ಲವೆ? ಒಳ್ಳೆಯದೇ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ, ಕೂತೇ ಇರುವ ಡ್ರೈವರುಗಳಿಗಿಂತ ಹೃದ್ರೋಗ ಕಡಿಮೆಯೆಂದು ಜೆರ್ರಿ ಮಾರಿಸ್ 1953ರಲ್ಲೇ ತೋರಿಸಿದರು. ಆದರೆ ದೇಹದ ಕಸುವು ಒಂದು, ಶ್ವಾಸಕೋಶದ ಆರೋಗ್ಯ ಇನ್ನೊಂದು. ಚೆನ್ನೈಯ ಓಎಂಆರ್ ರಸ್ತೆಯ ಕಚೇರಿಯಲ್ಲಿ ಕೂರುವ ಪದವೀಧರನ ಶ್ವಾಸಕೋಶ ಚೆನ್ನಾಗಿದ್ದೂ ಎರಡು ಮಹಡಿಗೇ ಅವನು ಏದುಸಿರು ಬಿಡಬಹುದು.

ಉಸಿರನ್ನಳೆಯುವ ಸ್ಪೈರೋಮೀಟರನ್ನು ಬಳಕೆಗೆ ತಂದ ಜಾನ್ ಹಚಿನ್ಸನ್, 1846ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ನಾವಿಕರು, ಪೊಲೀಸರು, ಅಚ್ಚುಕೂಟದವರು, ಕಡುಬಡವರು ಎಂದು ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಊದಿಸಿದ್ದ. ಕಸುಬಿಗಿಂತ ಎದ್ದು ಕಂಡದ್ದು ಎತ್ತರ: ಎತ್ತರದವರ ಉಸಿರು ದೊಡ್ಡದು. ಎತ್ತರವೋ ಬಾಲ್ಯದ ಊಟವನ್ನೂ ನೆಚ್ಚಿಕೊಂಡದ್ದು. ಬಡತನ ಕೆಲಸಕ್ಕೆ ಸೇರುವ ಮೊದಲೇ ಲೆಕ್ಕದೊಳಗೆ ಬಂದು ಕೂತಿರುತ್ತದೆ. ಇಂಥ ಲೆಕ್ಕದಲ್ಲಿ ಇನ್ನೊಂದು ಮೋಸವೂ ಇದೆ. ಕೆಮ್ಮು ತಡೆಯಲಾರದವನು ಆಗಲೇ ಕೆಲಸ ಬಿಟ್ಟು ಊರು ಸೇರಿರುತ್ತಾನೆ. ಉಳಿದವರನ್ನಷ್ಟೇ ಪರೀಕ್ಷಿಸಿದರೆ ಕಾರ್ಮಿಕರೆಲ್ಲ ಆರೋಗ್ಯವಂತರಾಗಿಯೇ ಕಾಣುತ್ತಾರೆ.

ಇನ್ನು ಆ ಪದವೀಧರನ ಓದು. ಅದು ಶ್ವಾಸಕೋಶಕ್ಕೆ ನೇರ ಮದ್ದಲ್ಲ. ದಿನವಿಡೀ ಯಾವ ಗಾಳಿಯಲ್ಲಿ ಕೂರಬೇಕು, ಮನೆಯಲ್ಲಿ ಸೌದೆಯೋ ಗ್ಯಾಸೋ ಎಂಬುದನ್ನು ಬಹುಮಟ್ಟಿಗೆ ಓದು ತರುವ ಸಂಬಳವೇ ತೀರ್ಮಾನಿಸುತ್ತದೆ. ಚೆನ್ನೈನ ಪೋರೂರಿನ ಶ್ರೀರಾಮಚಂದ್ರ ಸಂಸ್ಥೆಯಲ್ಲಿ ಕಲ್ಪನಾ ಬಾಲಕೃಷ್ಣನ್ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯ ಅಡುಗೆಮನೆಗಳ ಹೊಗೆಯನ್ನೇ ಅಳೆದವರು. ಆ ಹೊಗೆ ಕುಡಿಯುವ ಹೆಂಗಸನ್ನು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲೂ ಬರೆದುಕೊಳ್ಳುವುದಿಲ್ಲ.

ಧೂಳು ಕೆಟ್ಟದ್ದೆಂದು ಮನೆ ಕಟ್ಟುವಲ್ಲಿ ಗ್ರಾನೈಟ್ ಕೊಯ್ಯುವ ಹುಡುಗನಿಗೂ ಗೊತ್ತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾನೆ, ಆದರೆ ಧೂಳಿನ ಸಣ್ಣ ಕಣಕ್ಕೆ ಬಟ್ಟೆ ಸಾಲದು. ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಬಹಳ ಕಡಿಮೆಯಾಗುತ್ತದೆ. ನೀರಿನ ಪೈಪಿರುವ ಮೆಷಿನ್ ಕೊಡಿಸಬೇಕಾದವನು ಕಂಟ್ರಾಕ್ಟರು, ಅದನ್ನು ಕೇಳಬೇಕಾದವರು ಮನೆ ಕಟ್ಟಿಸುವ ನಾವು.