ಹಣ್ಣುನೊಣವೂ ಮಣ್ಣಿನ ಜಂತುವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದಿರುವ ರೈತ ಬಂಧುಗಳೇ,

ಮಾವಿನ ಹಣ್ಣನ್ನು ಹೆಚ್ಚಿದಾಗ ಒಳಗೆ ಬಿಳಿ ಹುಳು ಮಿಜಿಗುಟ್ಟುವುದನ್ನು ಕಾಣದವರು ಈ ಸಭೆಯಲ್ಲಿ ಇರಲಾರರು. ಹಣ್ಣುನೊಣಗಳು ಮಾವು, ಸೀಬೆ, ಹೀರೆ, ಹಾಗಲ ಯಾವುದನ್ನೂ ಬಿಟ್ಟಿಲ್ಲ. 2014ರ ಮೇ ತಿಂಗಳಿಂದ ಕೆಲಕಾಲ ಐರೋಪ್ಯ ಒಕ್ಕೂಟ ನಮ್ಮ ದೇಶದ ಮಾವನ್ನು ತಡೆಹಿಡಿದದ್ದು ಈ ನೊಣಗಳ ಕಾರಣಕ್ಕೇ. ಇಂದು ನಾನು ಹೇಳಬಯಸುವುದು ಒಂದೇ ಮಾತು: ಈ ಶತ್ರುವನ್ನು ರೆಂಬೆಯ ಮೇಲೆ ಹುಡುಕುವಷ್ಟೇ ಶ್ರದ್ಧೆಯಿಂದ ಪಾತಿಯ ಮಣ್ಣಿನಲ್ಲೂ ಹುಡುಕಬೇಕು.

ಹೆಣ್ಣುನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳು ತಿರುಳಿನಲ್ಲೇ ಬೆಳೆಯುವುದರಿಂದ ಮೇಲೆ ಹೊಡೆದ ಔಷಧಿ ಅದನ್ನು ಸುಲಭವಾಗಿ ತಲುಪದು. ಮೀಥೈಲ್ ಯೂಜಿನಾಲ್ ಬಲೆ ಉಪಯುಕ್ತವೇ, ಆದರೆ ಅದು ಸೆಳೆಯುವುದು ಗಂಡುನೊಣಗಳನ್ನು ಮಾತ್ರ. ಬಲಿತ ಹುಳು ಹಣ್ಣಿನಿಂದ ಹೊರಬಂದು, ಮೈ ಬಾಗಿಸಿ ಚಿಮ್ಮಿ, ನೆಲ ಸೇರಿ ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶವಾಗುತ್ತದೆ. ತಿರುಳು ಬಿಟ್ಟು ಕೋಶ ಗಟ್ಟಿಯಾಗುವವರೆಗಿನ ಆ ಅಲ್ಪ ಅವಧಿಯಲ್ಲಿ ಅದಕ್ಕೆ ಯಾವ ಆಸರೆಯೂ ಇಲ್ಲ. ನಮಗೆ ಸಿಗುವ ಅವಕಾಶ ಅದೇ.

ಆ ಅವಕಾಶವನ್ನು ಬಳಸಬಲ್ಲದ್ದು ಕೀಟಗಳಿಗೆ ರೋಗ ತರುವ ಜಂತುಹುಳು. ದಾಳಿಂಬೆ ಬೆಳೆಗಾರರು ಬೇರುಗಂಟು ಜಂತುಹುಳುವಿನಿಂದ ನೊಂದಿದ್ದಾರೆ. ಜಂತುಹುಳು ಎಂದರೆ ಅವರು ಅಂಜುವುದು ಸಹಜ. ಆದರೆ ಕೀಟಗಳನ್ನು ಕೊಲ್ಲುವ ಈ ಜಂತು ಬೇರೆಯದೇ ಗುಂಪಿನದು, ಬೇರನ್ನು ಮುಟ್ಟುವುದಿಲ್ಲ. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಮರಿ, ಮಣ್ಣಿನ ತೇವದ ಪದರದಲ್ಲಿ ಸರಿದು, ಹುಳುವಿನ ಬಾಯಿ, ಗುದ ಅಥವಾ ಉಸಿರುರಂಧ್ರದ ಮೂಲಕ ಒಳಹೊಕ್ಕು, ತನ್ನ ಹೊಟ್ಟೆಯಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಬಿಡುತ್ತದೆ. ಒಂದೆರಡು ದಿನದಲ್ಲಿ ಹುಳು ಸಾಯುತ್ತದೆ. ಸತ್ತ ದೇಹದಲ್ಲೇ ಜಂತು ಸಂತಾನ ಬೆಳೆಸಿ, ಸಾವಿರಾರು ಮರಿಗಳಾಗಿ ಮತ್ತೆ ಮಣ್ಣಿಗಿಳಿಯುತ್ತದೆ.

ಈ ಜ್ಞಾನ ನಮ್ಮ ನೆರೆಯಲ್ಲೇ ಬೆಳೆದಿದೆ. ಹೆಟೆರೊರಾಬ್ಡೈಟಿಸ್ ಇಂಡಿಕಾ ಎಂಬ ಇಂಥ ಜಂತುವಿನ ಪ್ರಭೇದವನ್ನು 1992ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಕೊಯಮತ್ತೂರಿನ ಮಾದರಿಯಿಂದ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅದನ್ನು ನೀರಿಗೆ ಕಲಸುವ ಪುಡಿಯಾಗಿ ರೂಪಿಸಿ, ಗೊಣ್ಣೆಹುಳುವಿನ ವಿರುದ್ಧ ರೈತರ ಕೈಗಿತ್ತಿದೆ. ಕಾಸರಗೋಡಿನ ತೋಟಬೆಳೆಗಳ ಸಂಶೋಧನಾ ಸಂಸ್ಥೆ ಇದೇ ಬಗೆಯ ಸ್ಟೈನರ್ನೀಮಾ ಜಂತುವನ್ನು ತೆಂಗು, ಅಡಿಕೆಯ ಬೇರುಹುಳುಗಳ ಮೇಲೆ ಪರೀಕ್ಷಿಸಿದೆ. ಹಣ್ಣುನೊಣದ ಬಲಿತ ಹುಳುಗಳೂ ಇವಕ್ಕೆ ಬಲಿಯಾಗುತ್ತವೆಂದು ಪ್ರಯೋಗಾಲಯಗಳು ತೋರಿಸಿವೆ. ಗಟ್ಟಿ ಕೋಶದ ಮೇಲೆ ಮಾತ್ರ ಪರಿಣಾಮ ತೀರ ಕಡಿಮೆ. ಆದ್ದರಿಂದ ಹೊತ್ತು ತಪ್ಪಿದರೆ ಹಣವೂ ಹೋದಂತೆ.

ಇನ್ನು ನಮ್ಮ ನೆಲದ ಮಾತು. ಹಿರಿಯೂರಿನ ಎರೆಮಣ್ಣು ಜಿಗುಟು. ಅದರಲ್ಲಿ ಜಂತು ಸರಿದಾಡುವುದು ಕಷ್ಟ. ಹೊಸದುರ್ಗ, ಹೊಳಲ್ಕೆರೆಯ ಮರಳುಮಿಶ್ರಿತ ಕೆಂಪು ಮಣ್ಣು ಅದಕ್ಕೆ ಹಿತ. ಬಿಸಿಲು ಮತ್ತು ಒಣಹವೆ ಅದರ ವೈರಿಗಳು. ಆದ್ದರಿಂದ ಪಾತಿಯನ್ನು ಮೊದಲು ನೆನೆಸಿ, ಜಂತು ಕಲಸಿದ ನೀರನ್ನು ಸಂಜೆ ಹೊತ್ತು ಸುರಿದು, ಮೇಲೆ ಸೊಪ್ಪುಸದೆ ಹೊದಿಸಿ, ಕೆಲವು ದಿನ ತೇವ ಉಳಿಸಬೇಕು. ಹನಿ ನೀರಾವರಿ ಇರುವಲ್ಲಿ ಇದು ಸುಲಭ; ಮಳೆ ನಂಬಿದ ಮಾವಿನ ತೋಪಿನಲ್ಲಿ ಮುಂಗಾರುಪೂರ್ವ ಮಳೆಯನ್ನು ಕಾಯಬೇಕು. ಉದುರಿದ ಹಣ್ಣನ್ನು ದಿನವೂ ಆರಿಸಿ ನಾಶ ಮಾಡದೆ ಜಂತುವನ್ನಷ್ಟೇ ನೆಚ್ಚಿದರೆ ಫಲವಿಲ್ಲ.

ನಮ್ಮ ಮಣ್ಣಿನಲ್ಲೇ ಇಂಥ ಜಂತುಗಳಿವೆಯೇ ಎಂದು ನೋಡುವ ದಾರಿ ಸರಳ. ಪಾತಿಯ ತೇವದ ಮಣ್ಣನ್ನು ಡಬ್ಬಿಗೆ ತುಂಬಿ, ಜೇನುಗೂಡನ್ನು ಹಾಳುಮಾಡುವ ಮೇಣದ ಪತಂಗದ ಹುಳುಗಳನ್ನು ಅದರಲ್ಲಿಡಬೇಕು. ಕೆಲವು ದಿನದಲ್ಲಿ ಹುಳು ಸತ್ತು, ಕೊಳೆತ ನಾತವಿಲ್ಲದೆ ಇಟ್ಟಿಗೆ ಕೆಂಪಿಗೆ ತಿರುಗಿದರೆ ಹೆಟೆರೊರಾಬ್ಡೈಟಿಸ್ ಇರುವ ಸೂಚನೆ. ಕಗ್ಗತ್ತಲಲ್ಲಿ ಆ ದೇಹ ಮಂದವಾಗಿ ಬೆಳಗುವುದೂ ಉಂಟು. ನಮ್ಮ ಬಿಸಿಲಿಗೆ ಒಗ್ಗಿದ ತಳಿ ಸಿಗುವ ಸಂಭವ ನಮ್ಮ ಹೊಲಗಳಲ್ಲೇ ಹೆಚ್ಚು.

ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದ ಬಾಗಿಲಿಗೆ ನಾವು ಹೋಗೋಣ. ನಾಲ್ಕೂ ತಾಲ್ಲೂಕುಗಳ ಎರೆಮಣ್ಣಿನಲ್ಲೂ ಕೆಂಪುಮಣ್ಣಿನಲ್ಲೂ, ಜಂತು ಹಾಕಿದ ಪಾತಿ ಮತ್ತು ಹಾಕದ ಪಾತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವ ಪ್ರಾತ್ಯಕ್ಷಿಕೆಯನ್ನು ಮುಂದಿನ ಹಂಗಾಮಿಗೆ ಕೇಳೋಣ. ತೋಟ ನಾವು ಕೊಡೋಣ, ಲೆಕ್ಕ ಅವರು ಇಡಲಿ. ಫಲಿತಾಂಶ ಏನೇ ಬರಲಿ, ಅದು ನಮ್ಮ ನೆಲ ಕೊಟ್ಟ ಉತ್ತರವಾಗಿರುತ್ತದೆ.